ಮನೆ ಖರ್ಚಿನ ಲೆಕ್ಕ, ಡೊಂಬಿವಲಿಯಿಂದ ಮ್ಯೂನಿಕ್‌ವರೆಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬೈ ಪಕ್ಕದ ಡೊಂಬಿವಲಿಯ ನಮ್ಮ ಬಿಲ್ಡಿಂಗಿನಲ್ಲಿ ಕನ್ನಡದವರ ಮನೆ ಒಂಬತ್ತು. ಒಬ್ಬರ ಮಗ ಮ್ಯೂನಿಕ್‌ನಲ್ಲಿ, ಇನ್ನೊಬ್ಬರ ಮಗಳು ಟೊರಾಂಟೊದಲ್ಲಿ, ಎದುರು ಮನೆಯವರ ಭಾವ ದುಬೈಯಲ್ಲಿ. ಚೌತಿಗೆ ಎಲ್ಲರೂ ಒಂದೆಡೆ ಸೇರಿದರೆ ಮಾತು ಎಲ್ಲಿಂದ ಹೊರಟರೂ ಕೊನೆಗೆ ಬಾಡಿಗೆಗೇ ಬಂದು ನಿಲ್ಲುತ್ತದೆ. ಬ್ಯಾಂಕಿನಲ್ಲಿ ಹತ್ತೊಂಬತ್ತು ವರ್ಷ ಗೃಹಸಾಲದ ಮೇಜಿನ ಹಿಂದೆ ಕೂತಿದ್ದೆ ಎಂಬ ಒಂದೇ ಕಾರಣಕ್ಕೆ ಪ್ರಶ್ನೆಗಳೆಲ್ಲ ನನ್ನ ತಲೆಗೆ ಬೀಳುತ್ತವೆ. ಪ್ರತಿಸಲ ಬಾಯಲ್ಲಿ ಹೇಳುವುದಕ್ಕಿಂತ ಬರೆದಿಟ್ಟರೆ ಕಳಿಸಿಕೊಡಲು ಸುಲಭ ಎಂದು ಇದು.

ನಮ್ಮ ದೇಶದ ಪಟ್ಟಣಗಳಲ್ಲಿ ಬಾಡಿಗೆಗೆ ಹೋಗುವುದು ಖರ್ಚಿನ ಶೇ. 6.5 ಅಂತ ಪೇಪರಿನಲ್ಲಿ ಓದಿದೆ. ನನ್ನದು ಮೂರರಲ್ಲೊಂದು ಪಾಲು ಹೋಗುತ್ತದಲ್ಲ! ಯಾರ ಲೆಕ್ಕ ತಪ್ಪು?

ಇಬ್ಬರದೂ ಸರಿ. ಕೇಂದ್ರ ಸರಕಾರದ 2022-23ರ ಕುಟುಂಬ ಬಳಕೆ ವೆಚ್ಚದ ಸಮೀಕ್ಷೆಯಲ್ಲಿ ಪಟ್ಟಣದ ಒಬ್ಬ ವ್ಯಕ್ತಿಯ ತಿಂಗಳ ಸರಾಸರಿ ಖರ್ಚು 6,459 ರೂಪಾಯಿ. ಅದರಲ್ಲಿ ಬಾಡಿಗೆಯ ಪಾಲು ಶೇ. 6.56. ಮರುವರ್ಷದ ಸಮೀಕ್ಷೆಯಲ್ಲೂ ಹೆಚ್ಚುಕಡಿಮೆ ಅಷ್ಟೇ. ಆದರೆ ಇದು ಬಾಡಿಗೆ ಕೊಡುವವರ ಸರಾಸರಿಯಲ್ಲ, ಎಲ್ಲರದ್ದು. 2011ರ ಜನಗಣತಿಯ ಪ್ರಕಾರ ದೇಶದ ನಗರಗಳಲ್ಲಿ ಶೇ. 69ರಷ್ಟು ಕುಟುಂಬಗಳು ಸ್ವಂತ ಮನೆಯಲ್ಲಿದ್ದವು, ಬಾಡಿಗೆ ಮನೆಯಲ್ಲಿದ್ದದ್ದು ಶೇ. 27.5 ಮಾತ್ರ.

ಹತ್ತು ಮನೆ ಎಂದುಕೊಳ್ಳಿ. ಒಂದೊಂದರ ಖರ್ಚು ತಿಂಗಳಿಗೆ 30,000. ಅದರಲ್ಲಿ ಮೂರು ಮನೆಯವರು 9,000 ಬಾಡಿಗೆ ಕೊಡುತ್ತಾರೆ, ಉಳಿದವರು ಕೊಡುವುದಿಲ್ಲ. ಒಟ್ಟು ಮೂರು ಲಕ್ಷದ ಖರ್ಚಿನಲ್ಲಿ ಬಾಡಿಗೆ 27,000, ಅಂದರೆ ಶೇ. 9. ಈಗ ಆ ಹತ್ತೂ ಬಾಗಿಲು ತಟ್ಟಿ ನೋಡಿ. ಶೇ. 9 ಕೊಡುವವರು ಒಬ್ಬರೂ ಸಿಗುವುದಿಲ್ಲ. ಮೂವರು ಶೇ. 30 ಕೊಡುತ್ತಾರೆ, ಏಳು ಜನ ಸೊನ್ನೆ.

ಯುರೋಪಿನವರು ಕಾಲು ಪಾಲು, ಅಮೆರಿಕದವರು ಮೂರರಲ್ಲೊಂದು ಪಾಲು ಮನೆಗೆ ಸುರಿಯುತ್ತಾರಂತೆ. ಹಾಗಾದರೆ ನಾವೇ ಸುಖಿಗಳಲ್ಲವೇ?

ಆ ಮೂರು ಅಂಕಿಗಳಿಗೆ ಹೆಸರು ಒಂದೇ, ಒಳಗಿನ ಸಾಮಾನು ಬೇರೆ ಬೇರೆ.

ಅಮೆರಿಕದ 2023ರ ಸಮೀಕ್ಷೆಯಲ್ಲಿ ಒಂದು ಕುಟುಂಬದ ವರ್ಷದ ಸರಾಸರಿ ಖರ್ಚು 77,280 ಡಾಲರ್, ಅದರಲ್ಲಿ ಮನೆಗೆ 25,436. ಶೇ. 32.9. ನೋಡಿದ ಕೂಡಲೇ ಎದೆ ಧಸಕ್ ಎನ್ನುತ್ತದೆ. ಆದರೆ ಆ 'ಮನೆ' ಎಂಬ ಚೀಲದೊಳಗೆ ಬಾಡಿಗೆ, ಸಾಲದ ಬಡ್ಡಿ, ಮನೆ ತೆರಿಗೆ, ಕರೆಂಟು, ನೀರು ಮಾತ್ರವಲ್ಲ, ಫೋನ್ ಬಿಲ್ಲೂ ಇದೆ, ಸೋಫಾ ಇದೆ, ಬಟ್ಟೆ ಒಗೆಯುವ ಪುಡಿಯಿದೆ, ಮಗು ನೋಡಿಕೊಳ್ಳುವವರ ಸಂಬಳವೂ ಇದೆ! ನಮ್ಮ ಶೇ. 6.5 ಎಂಬುದು ಬರೀ ಬಾಡಿಗೆ. ಅಡುಗೆ ಗ್ಯಾಸು ಮತ್ತು ಕರೆಂಟಿಗೆ ನಮ್ಮ ಸಮೀಕ್ಷೆಯಲ್ಲಿ ಬೇರೆಯೇ ಸಾಲು, ಪಟ್ಟಣಗಳಲ್ಲಿ ಅದು ಇನ್ನೊಂದು ಶೇ. 6.26. ಎರಡನ್ನೂ ಕೂಡಿಸಿದರೆ ಶೇ. 12.8ರ ಹತ್ತಿರಕ್ಕೆ ಬರುತ್ತೇವೆ.

ಯುರೋಪಿನದು ವಿಶ್ವಸಂಸ್ಥೆಯ ವರ್ಗೀಕರಣ. ಅದರ ನಾಲ್ಕನೇ ವಿಭಾಗದಲ್ಲಿ ಮನೆ, ನೀರು, ಕರೆಂಟು, ಗ್ಯಾಸು, ಇಂಧನ ಬರುತ್ತವೆ. ಸೋಫಾ ಐದನೇ ವಿಭಾಗಕ್ಕೆ ಹೋಗುತ್ತದೆ. ಹಾಗಿದ್ದೂ ಯುರೋಪು ಕಾಲು ಪಾಲು ಮುಟ್ಟುವುದು ಎರಡು ಕಾರಣಕ್ಕೆ. ಒಂದು ಚಳಿ. ಇನ್ನೊಂದು, ಮುಂದಿನ ಪ್ರಶ್ನೆ.

ಸ್ವಂತ ಮನೆಯಲ್ಲಿರುವವನೂ ಬಾಡಿಗೆ ಕೊಡುತ್ತಾನೆ ಅಂತ ಲೆಕ್ಕ ಹಾಕುತ್ತಾರಂತೆ. ಯಾರಿಗೆ ಕೊಡುತ್ತಾನೆ?

ತನಗೆ ತಾನೇ. ಬ್ಯಾಂಕಿನಲ್ಲಿದ್ದಾಗ ಇದನ್ನು ಮೊದಲ ಸಲ ಕೇಳಿ ನಾನೂ ನಕ್ಕಿದ್ದೆ.

ಯೋಚನೆ ಇಷ್ಟೇ. ನೀವು ಠಾಣೆ ನಗರದ ನಿಮ್ಮ ಸ್ವಂತ ವನ್ ಬಿಎಚ್‌ಕೆಯಲ್ಲಿ ವಾಸವಾಗಿದ್ದೀರಿ. ಅದನ್ನೇ ಬೇರೆಯವರಿಗೆ ಕೊಟ್ಟಿದ್ದರೆ 22,000 ಬರುತ್ತಿತ್ತು. ನೀವೇ ಇರುವುದರಿಂದ ಆ ಹಣ ಬರುತ್ತಿಲ್ಲ, ಆದರೆ 22,000 ರೂಪಾಯಿಯ ವಾಸದ ಸುಖ ನಿಮಗೆ ಸಿಗುತ್ತಿದೆ. ದೇಶದ ಉತ್ಪನ್ನ ಲೆಕ್ಕ ಹಾಕುವವರು ಈ ಅಂದಾಜು ಬಾಡಿಗೆಯನ್ನು ಸೇರಿಸಲೇಬೇಕು. ಇಲ್ಲದಿದ್ದರೆ ಎದುರುಬದುರು ಮನೆಯ ಇಬ್ಬರು ಮಾಲಕರು ಮನೆ ಅದಲುಬದಲು ಮಾಡಿಕೊಂಡು ಒಬ್ಬರಿಗೊಬ್ಬರು ಬಾಡಿಗೆ ಕೊಟ್ಟ ಮಾತ್ರಕ್ಕೆ ದೇಶ ಶ್ರೀಮಂತವಾದಂತೆ ಕಾಣುತ್ತದೆ.

ತೊಡಕು ಏನೆಂದರೆ, ಕೆಲವು ಲೆಕ್ಕದಲ್ಲಿ ಇದು ಸೇರುತ್ತದೆ, ಕೆಲವಲ್ಲಿ ಸೇರುವುದಿಲ್ಲ. ಜಪಾನನ್ನೇ ನೋಡಿ. ಅಲ್ಲಿನ ಕುಟುಂಬ ಆದಾಯ ಮತ್ತು ಖರ್ಚಿನ ಸಮೀಕ್ಷೆಯಲ್ಲಿ ಇಬ್ಬರು ಅಥವಾ ಹೆಚ್ಚು ಜನರಿರುವ ಮನೆಗಳು ವಾಸಕ್ಕೆ ಮಾಡುವ ಖರ್ಚು ಶೇ. 6ರ ಆಸುಪಾಸು. ಅದೇ ಜಪಾನಿನ ರಾಷ್ಟ್ರೀಯ ಲೆಕ್ಕಪತ್ರದಲ್ಲಿ (ದೇಶದ ಉತ್ಪನ್ನದ ಲೆಕ್ಕ) ಮನೆ, ನೀರು, ಇಂಧನ ಎಲ್ಲ ಸೇರಿ ಸುಮಾರು ಕಾಲು ಪಾಲು. ಅದೇ ದೇಶ, ಅದೇ ಜನ. ಮೊದಲನೆಯದರಲ್ಲಿ ಸ್ವಂತ ಮನೆಯವರ ಅಂದಾಜು ಬಾಡಿಗೆಯಿಲ್ಲ, ಕರೆಂಟು ನೀರಿಗೆ ಬೇರೆ ಸಾಲು. ಎರಡನೆಯದರಲ್ಲಿ ಎಲ್ಲವೂ ಒಟ್ಟಿಗೆ. ಯುರೋಪಿನ ಕಾಲು ಪಾಲೂ ಈ ಎರಡನೇ ಬಗೆಯದು. ನಮ್ಮ ಶೇ. 6.5 ಮೊದಲನೇ ಬಗೆಯದು. ಇವೆರಡನ್ನು ಪಕ್ಕಪಕ್ಕ ಇಟ್ಟು 'ಭಾರತ ಅಗ್ಗ' ಎಂದು ಬರೆಯುವವರ ಕೈಯಿಂದ ಪೆನ್ನು ಕಸಿದುಕೊಳ್ಳಬೇಕು ಅನಿಸುತ್ತದೆ.

ಬೆಲೆಯೇರಿಕೆ ಅಳೆಯುವ ಬೆಲೆ ಸೂಚ್ಯಂಕದಲ್ಲೂ ಇದೇ ಗೋಜಲು. ಅಮೆರಿಕ 1983ರಿಂದ ಸ್ವಂತ ಮನೆಯವರ ಅಂದಾಜು ಬಾಡಿಗೆಯನ್ನು ಸೂಚ್ಯಂಕಕ್ಕೆ ಸೇರಿಸುತ್ತಿದೆ. ಈಗ ಅದರ ತೂಕವೇ, ಅಂದರೆ ಸೂಚ್ಯಂಕದಲ್ಲಿ ಅದರ ಪಾಲೇ, ಸುಮಾರು ನಾಲ್ಕರಲ್ಲೊಂದು. ಯುರೋಪಿನ ದೇಶಗಳಿಗೆಲ್ಲ ಒಂದೇ ಬಗೆಯ ಸೂಚ್ಯಂಕದಲ್ಲಿ ಅದನ್ನು ಹೊರಗಿಟ್ಟಿದ್ದಾರೆ. ನಮ್ಮಲ್ಲಿ 2012ರ ಆಧಾರವರ್ಷದ ಸರಣಿಯಲ್ಲಿ ವಸತಿಗೆ ಪಟ್ಟಣದಲ್ಲಿ ಶೇ. 21.67 ತೂಕವಿತ್ತು, ಹಳ್ಳಿಯಲ್ಲಿ ಸೊನ್ನೆ.

ಇಎಂಐ ಕಟ್ಟುವುದು ಖರ್ಚಲ್ಲವೇ? ನನ್ನ ಸಂಬಳದ ಅರ್ಧ ಅಲ್ಲಿಗೇ ಹೋಗುತ್ತದೆ.

ನಿಮ್ಮ ಜೇಬಿನ ಮಟ್ಟಿಗೆ ಖರ್ಚೇ. ಲೆಕ್ಕದವರ ಮಟ್ಟಿಗೆ ಪೂರ್ತಿ ಅಲ್ಲ.

50 ಲಕ್ಷ ಸಾಲ, ಶೇ. 8.5 ಬಡ್ಡಿ, 20 ವರ್ಷ. ತಿಂಗಳ ಕಂತು ಸುಮಾರು 43,390 ರೂಪಾಯಿ. ಮೊದಲ ಕಂತಿನಲ್ಲಿ 35,417 ಬರೀ ಬಡ್ಡಿ, ಅಸಲಿಗೆ ಹೋಗುವುದು ಎಂಟು ಸಾವಿರಕ್ಕೂ ಸ್ವಲ್ಪ ಕಡಿಮೆ. ಈ ಪಟ್ಟಿ ತೋರಿಸಿದಾಗ ಗ್ರಾಹಕರ ಮುಖ ಸಪ್ಪಗಾಗುವುದನ್ನು ಎಷ್ಟು ಸಲ ನೋಡಿದ್ದೇನೋ. ಅಸಲು ಎಂದರೆ ಉಳಿತಾಯ, ನಿಮ್ಮದೇ ಆಸ್ತಿಯಾಗಿ ಬೆಳೆಯುತ್ತದೆ ಎಂಬ ವಾದದಿಂದ ಅಮೆರಿಕದ ಸಮೀಕ್ಷೆ ಬಡ್ಡಿಯನ್ನು ಮಾತ್ರ ಖರ್ಚಿಗೆ ಸೇರಿಸುತ್ತದೆ, ಅಸಲನ್ನು ಬಿಡುತ್ತದೆ. ನಮ್ಮ ಬಳಕೆ ಸಮೀಕ್ಷೆಯಲ್ಲಿ ಮನೆ ಕೊಳ್ಳುವುದು ಬಳಕೆಯೇ ಅಲ್ಲ. ಹಾಗಾಗಿ ಅರ್ಧ ಸಂಬಳ ಕಂತಿಗೆ ಕಟ್ಟುವ ನೀವು ಆ ಪಟ್ಟಿಯಲ್ಲಿ 'ಬಾಡಿಗೆ ಸೊನ್ನೆ' ಎಂಬ ಸುಖಿ. ಮೇಲೆ ಹೇಳಿದ ಹತ್ತು ಮನೆಗಳಲ್ಲಿ ಆ ಏಳರಲ್ಲಿ ಒಬ್ಬರು ನೀವೇ.

ನಾವು ಹೆವಿ ಡಿಪಾಸಿಟ್ ಕೊಟ್ಟು ಇದ್ದೇವೆ, ತಿಂಗಳ ಬಾಡಿಗೆ ಇಲ್ಲ. ನಮ್ಮ ಮನೆ ಖರ್ಚು ಸೊನ್ನೆಯೇ?

ಇದು ನನಗೆ ಇಷ್ಟದ ಪ್ರಶ್ನೆ, ಯಾಕೆಂದರೆ ಉತ್ತರಕ್ಕೆ ದಕ್ಷಿಣ ಕೊರಿಯಾಕ್ಕೆ ಹೋಗಿ ಬರಬಹುದು.

ಮುಂಬೈಯ ಹೆವಿ ಡಿಪಾಸಿಟ್, ಬೆಂಗಳೂರಿನವರು ಭೋಗ್ಯ ಅನ್ನುವುದು, ಕೊರಿಯಾದವರ ಜೊನ್ಸೆ, ಮೂರೂ ಅಣ್ಣತಮ್ಮಂದಿರು. ದೊಡ್ಡ ಗಂಟು ಮಾಲಕನ ಕೈಗೆ, ತಿಂಗಳ ಬಾಡಿಗೆ ಇಲ್ಲ, ಬಿಡುವಾಗ ಗಂಟು ವಾಪಸ್. ನೀವು 15 ಲಕ್ಷ ಕೊಟ್ಟಿದ್ದೀರಿ ಎನ್ನಿ. ಅದು ಶೇ. 7ರ ಎಫ್‌ಡಿಯಲ್ಲಿದ್ದರೆ ವರ್ಷಕ್ಕೆ 1,05,000 ಬಡ್ಡಿ ಬರುತ್ತಿತ್ತು, ತಿಂಗಳಿಗೆ 8,750. ಅದೇ ನಿಮ್ಮ ಬಾಡಿಗೆ. ರಸೀದಿ ಇಲ್ಲದ ಬಾಡಿಗೆ, ಅಷ್ಟೇ. ಡಿಪಾಸಿಟ್ಟಿಗೆ ಸಾಲ ಮಾಡಿದ್ದರೆ ಕಟ್ಟುವ ಬಡ್ಡಿಯನ್ನೇ ಬಾಡಿಗೆ ಎಂದು ಬರೆದುಕೊಳ್ಳಿ.

ಇದರಲ್ಲಿ ಅಪಾಯವೂ ಇದೆ. ಕೊರಿಯಾದಲ್ಲಿ ಹಳೆಯ ಬಾಡಿಗೆದಾರನ ಗಂಟನ್ನು ಹೊಸಬನ ಗಂಟಿನಿಂದ ತೀರಿಸುವ ಮಾಲಕರೇ ಹೆಚ್ಚು. ಮನೆ ಬೆಲೆ ಇಳಿದಾಗ ಹೊಸ ಗಂಟು ಚಿಕ್ಕದಾಯಿತು, ಹಳಬರ ದುಡ್ಡು ಮುಳುಗಿತು, ಮೋಸವೂ ಸೇರಿಕೊಂಡಿತು. 2023ರಲ್ಲಿ ಅಲ್ಲಿನ ಸರಕಾರ ಮೋಸಹೋದವರಿಗಾಗಿ ವಿಶೇಷ ಕಾನೂನನ್ನೇ ತರಬೇಕಾಯಿತು. ಇಲ್ಲಿ ಕರಾರು ನೋಂದಣಿ ಮಾಡಿಸದೆ ಗಂಟು ಕೊಡಬೇಡಿ. ಮಹಾರಾಷ್ಟ್ರದ ಬಾಡಿಗೆ ಕಾಯಿದೆಯಲ್ಲಿ ನೋಂದಣಿ ಕಡ್ಡಾಯ, ಮಾಡಿಸುವ ಹೊಣೆ ಮಾಲಕನದ್ದು. 'ನಮ್ಮೂರಿನವರೇ ಅಲ್ವಾ' ಎಂಬ ನಂಬಿಕೆಯ ಮೇಲೆ ನಾಲ್ಕು ಲಕ್ಷ ಕೊಟ್ಟು ಎರಡು ವರ್ಷ ಅಲೆದವರ ಪೈಕಿ ನಾನೂ ಒಬ್ಬ.

ಗಿರ್‌ಗಾಂವ್‌ನ ನಮ್ಮ ದೊಡ್ಡಮ್ಮನದು ಪಗಡಿ ಮನೆ (ಒಳಗೆ ಹೋಗುವಾಗ ದೊಡ್ಡ ಮೊತ್ತ ಕೊಟ್ಟು, ಆಮೇಲೆ ಸಣ್ಣ ಬಾಡಿಗೆಗೆ ಇರುವುದು). ಬಾಡಿಗೆ ಹೇಳಿದರೆ ಯಾರೂ ನಂಬುವುದಿಲ್ಲ. ಬೇರೆ ದೇಶದಲ್ಲೂ ಹೀಗಿದೆಯೇ?

ಇದೆ. 1947ರ ಮುಂಬೈ ಬಾಡಿಗೆ ಕಾಯಿದೆ ಬಾಡಿಗೆಯನ್ನು 1940ರ ಮಟ್ಟಕ್ಕೆ ಕಟ್ಟಿಹಾಕಿತು. 2000ದ ಮಾರ್ಚ್ 31ರಿಂದ ಜಾರಿಗೆ ಬಂದ 1999ರ ಕಾಯಿದೆ ವರ್ಷಕ್ಕೆ ಶೇ. 4 ಏರಿಕೆಗೆ ಅವಕಾಶ ಕೊಟ್ಟಿತು. ಮೂಲ ಬಾಡಿಗೆಯೇ ಮೂವತ್ತು ರೂಪಾಯಿ ಇದ್ದರೆ ಶೇ. 4 ಏರಿದರೆಷ್ಟು! ನ್ಯೂಯಾರ್ಕಿನಲ್ಲೂ ಬಾಡಿಗೆ ಏರಿಕೆಗೆ ಮಂಡಳಿಯೊಂದು ಮಿತಿ ಹಾಕುವ ಸುಮಾರು ಹತ್ತು ಲಕ್ಷ ಮನೆಗಳಿವೆ.

ದೊಡ್ಡಮ್ಮನ ಬಾಡಿಗೆ ಕಡಿಮೆ, ನಿಜ. ಆದರೆ ಒಳಗೆ ಹೋಗುವಾಗ ಕೊಟ್ಟ ಪಗಡಿಯ ಮೊತ್ತ, ಮಾಲಕ ರಿಪೇರಿ ಮಾಡಿಸದ ಕಾರಣ ಮಳೆಗಾಲದಲ್ಲಿ ತಾವೇ ಕೈಯಿಂದ ಹಾಕುವ ದುಡ್ಡು, ಕೈ ಬದಲಿಸುವಾಗ ಮಾಲಕನಿಗೆ ಹೋಗುವ ಪಾಲು, ಇವೆಲ್ಲ ಬಾಡಿಗೆ ಎಂಬ ಸಾಲಿನಲ್ಲಿ ಕಾಣುವುದೇ ಇಲ್ಲ.

ಆದಾಯದ ಶೇ. 30ರೊಳಗೆ ಬಾಡಿಗೆ ಇರಬೇಕು ಎಂಬ ನಿಯಮ ಎಲ್ಲಿಂದ ಬಂತು? ಶಾಸ್ತ್ರವೇ?

ಶಾಸ್ತ್ರವಲ್ಲ, ರಾಜಕೀಯ. ಅಮೆರಿಕದ ಸೆನೆಟರ್ ಎಡ್ವರ್ಡ್ ಬ್ರೂಕ್ 1969ರಲ್ಲಿ ತಂದ ತಿದ್ದುಪಡಿಯಿಂದ ಸರಕಾರಿ ವಸತಿಯ ಬಡ ಬಾಡಿಗೆದಾರರು ಆದಾಯದ ಶೇ. 25ಕ್ಕಿಂತ ಹೆಚ್ಚು ಕೊಡಬೇಕಿಲ್ಲ ಎಂದಾಯಿತು. 1981ರಲ್ಲಿ ಖರ್ಚು ಕಡಿತ ಮಾಡುವಾಗ ಅದನ್ನು ಶೇ. 30ಕ್ಕೆ ಏರಿಸಿದರು. ಬಡವರ ಸರಕಾರಿ ಮನೆಗೆ ಮಾಡಿದ ಮಿತಿ ಹೀಗೆ ಜಗತ್ತಿನ ಬುದ್ಧಿವಾದವಾಯಿತು. ಕೆನಡಾದಲ್ಲೂ ತೆರಿಗೆಗೆ ಮುಂಚಿನ ಆದಾಯದ ಶೇ. 30 ಅನ್ನುತ್ತಾರೆ. ಯುರೋಪಿನ ಅಂಕಿಅಂಶದವರು ಕೈಗೆ ಬರುವ ಆದಾಯದ ಶೇ. 40 ದಾಟಿದರೆ 'ಅತಿಭಾರ' ಎಂದು ಗುರುತಿಸುತ್ತಾರೆ. ಒಕ್ಕೂಟದ ಒಟ್ಟು ಜನರಲ್ಲಿ ಅಂಥವರು ಹತ್ತರಲ್ಲಿ ಒಬ್ಬರಿಗಿಂತ ಕಡಿಮೆ; ಗ್ರೀಸಿನಲ್ಲಿ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು.

ಗಮನಿಸಿ: ಒಂದು ತೆರಿಗೆಗೆ ಮುಂಚಿನದು, ಒಂದು ಆಮೇಲಿನದು. ಸಮೀಕ್ಷೆಗಳಲ್ಲಿ ಬರುವ ಪಾಲು ಬಹುತೇಕ ಖರ್ಚಿನದು, ಆದಾಯದ್ದಲ್ಲ. 80,000 ಸಂಬಳ, 60,000 ಖರ್ಚು, 18,000 ಬಾಡಿಗೆ ಇದ್ದರೆ ಖರ್ಚಿನ ಶೇ. 30, ಆದಾಯದ ಶೇ. 22.5. ಟೊರಾಂಟೊದ ಮಗಳೊಡನೆ ಫೋನಿನಲ್ಲಿ ವಾದಕ್ಕಿಳಿಯುವ ಮುಂಚೆ ಇಬ್ಬರೂ ಯಾವುದನ್ನು ಹೇಳುತ್ತಿದ್ದೀರಿ ಎಂದು ಕೇಳಿಕೊಳ್ಳಿ.

ಸಂಬಳ ಹೆಚ್ಚಿದಂತೆ ಮನೆಗೆ ಹೋಗುವ ಪಾಲು ಕಡಿಮೆಯಾಗುತ್ತದೆಯೇ?

ಒಂದೇ ಊರಿನೊಳಗೆ ನೋಡಿದರೆ, ಸಾಮಾನ್ಯವಾಗಿ ಹೌದು. ಬರ್ಲಿನ್ನಿನ ಅಂಕಿಅಂಶ ತಜ್ಞ ಹರ್ಮನ್ ಶ್ವಾಬೆ 1868ರಲ್ಲೇ ಇದನ್ನು ತೋರಿಸಿದ. ಅದಕ್ಕೂ ಹನ್ನೊಂದು ವರ್ಷ ಮುಂಚೆ ಅರ್ನ್ಸ್ಟ್ ಎಂಗೆಲ್ ಊಟದ ಖರ್ಚಿಗೆ ಹೇಳಿದ್ದ ಮಾತನ್ನೇ ಈತ ಬಾಡಿಗೆಗೆ ಹೇಳಿದ. ದೇಶದಿಂದ ದೇಶಕ್ಕೆ ಹೋಲಿಸಿದರೆ ಮಾತ್ರ ಇದು ತಿರುವುಮುರುವಾಗುತ್ತದೆ. ನಮ್ಮ ಪಟ್ಟಣಗಳಲ್ಲಿ ಖರ್ಚಿನ ಶೇ. 39 ಊಟಕ್ಕೇ ಹೋಗುವಾಗ ಬೇರೆ ಪಾಲುಗಳೆಲ್ಲ ಕುಗ್ಗಿಯೇ ಕಾಣಬೇಕು.

ಮ್ಯೂನಿಕ್‌ನ ಮಗ 'ತಣ್ಣನೆಯ ಬಾಡಿಗೆ', 'ಬೆಚ್ಚನೆಯ ಬಾಡಿಗೆ' ಅನ್ನುತ್ತಾನೆ. ತಮಾಷೆಯೋ ನಿಜವೋ?

ನಿಜ. ಜರ್ಮನಿಯಲ್ಲಿ ಬರೀ ಗೋಡೆ ಮತ್ತು ಸೂರಿನ ಬಾಡಿಗೆಯೇ ತಣ್ಣನೆಯದು. ಮನೆ ಬಿಸಿ ಮಾಡುವುದು, ನೀರು, ಕಸ, ಮೆಟ್ಟಿಲು ಗುಡಿಸುವುದು, ಈ ಖರ್ಚು ಸೇರಿಸಿದರೆ ಬೆಚ್ಚನೆಯದು. ನಮ್ಮ 'ಮೇಂಟೆನೆನ್ಸ್ ಸೇರಿ ಎಷ್ಟು?' ಎಂಬುದರ ಜರ್ಮನ್ ರೂಪ. ಅಲ್ಲಿ ಡಿಪಾಸಿಟ್ಟು ತಣ್ಣನೆಯ ಬಾಡಿಗೆಯ ಮೂರು ತಿಂಗಳಿಗಿಂತ ಹೆಚ್ಚು ಕೇಳುವಂತಿಲ್ಲ, ಕಾನೂನು. ಬೆಂಗಳೂರಿನಲ್ಲಿ ಹತ್ತು ತಿಂಗಳದ್ದು ಕೊಟ್ಟು ಬಂದವನಿಗೆ ಇದು ಸ್ವರ್ಗ ಅನಿಸೀತು. ಆದರೆ ಅನೇಕ ಮನೆಗಳಲ್ಲಿ ಅಡುಗೆಕಟ್ಟೆಯೇ ಇರುವುದಿಲ್ಲ, ಬಾಡಿಗೆದಾರನೇ ತಂದು ಕೂರಿಸಬೇಕು. ಅದು ಮನೆ ಖರ್ಚೋ ಪೀಠೋಪಕರಣವೋ ಎಂದು ಕೇಳಿದರೆ ಮಗ ಫೋನ್ ಇಡುತ್ತಾನೆ.

ದುಬೈಯ ಭಾವನಿಗೆ ಕಂಪೆನಿಯೇ ಮನೆ ಕೊಟ್ಟಿದೆ. ಅವರ ಖರ್ಚನ್ನು ಹೇಗೆ ಹೋಲಿಸುವುದು?

ಅವರ ಸಂಬಳಕ್ಕೆ ಆ ಮನೆಯ ಬಾಡಿಗೆಯನ್ನು ಸೇರಿಸಿ, ಖರ್ಚಿಗೂ ಅಷ್ಟೇ ಸೇರಿಸಿ, ಆಮೇಲೆ ಹೋಲಿಸಿ. ಇದು ಹೊಸದೇನೂ ಅಲ್ಲ. ಉಡುಪಿ ಹೋಟೆಲುಗಳಿಗೆ ಬಂದ ನಮ್ಮ ಹಿಂದಿನ ತಲೆಮಾರಿನ ಹುಡುಗರು ಅಲ್ಲೇ ಉಂಡು, ರಾತ್ರಿ ಶಾಲೆಗೆ ಹೋಗಿಬಂದು, ಅಲ್ಲೇ ಮೇಜುಗಳ ನಡುವೆ ಮಲಗುತ್ತಿದ್ದರು. ಬಾಡಿಗೆ ಸೊನ್ನೆ. ಸಂಬಳದಲ್ಲಿ ಅದು ಮೊದಲೇ ಮುರಿದಿರುತ್ತಿತ್ತು.

ಕಂಪೆನಿ ಮನೆ ಬಿಟ್ಟು ಹೊರಗೆ ಮನೆ ಹಿಡಿದರೆ ದುಬೈಯಲ್ಲಿ ಬಾಡಿಗೆ ವರ್ಷದ ಲೆಕ್ಕ, ಕೆಲವೇ ಚೆಕ್ಕುಗಳಲ್ಲಿ. ಜೊತೆಗೆ ವರ್ಷದ ಬಾಡಿಗೆಯ ಶೇ. 5 ನಗರಸಭೆಯ ಶುಲ್ಕ ಕರೆಂಟು ನೀರಿನ ಬಿಲ್ಲಿನಲ್ಲೇ ಸೇರಿ ಬರುತ್ತದೆ. ಭಾವ ಇದನ್ನು ಮರೆತಿರುತ್ತಾರೆ, ನೆನಪಿಸಿ.

ಎಷ್ಟು ಖರ್ಚು ಅನ್ನುವುದಕ್ಕಿಂತ ಎಷ್ಟು ಜಾಗ ಸಿಗುತ್ತದೆ ಅನ್ನುವುದು ಮುಖ್ಯವಲ್ಲವೇ?

ಬಹಳ ಮುಖ್ಯ. ಶೇಕಡಾ ಲೆಕ್ಕಕ್ಕೆ ಗೋಡೆಗಳಿಲ್ಲ.

1920ರ ದಶಕದಲ್ಲಿ ಸರಕಾರ ಮುಂಬೈಯಲ್ಲಿ ಬಿಡಿಡಿ (ಆಗಿನ ಬಾಂಬೆ ಅಭಿವೃದ್ಧಿ ಇಲಾಖೆ) ಚಾಳುಗಳನ್ನು ಕಟ್ಟಿತು: ವರಳಿ, ನಾಯ್‌ಗಾಂವ್, ಎನ್.ಎಂ. ಜೋಶಿ ಮಾರ್ಗ. 160 ಚದರ ಅಡಿಯ ಒಂದು ಖೋಲಿ (ಕೋಣೆ), ಪಾಯಿಖಾನೆ ಎಲ್ಲರಿಗೂ ಒಟ್ಟಿಗೆ. ಹೆಚ್ಚುಕಡಿಮೆ ಅದೇ ಹೊತ್ತಿಗೆ ವಿಯೆನ್ನಾ ನಗರಸಭೆ ಕೂಲಿಕಾರರಿಗೆ ಮನೆ ಕಟ್ಟಲು ಹೊರಟಿತು. 1930ರಲ್ಲಿ ಮುಗಿದ ಕಾರ್ಲ್ ಮಾರ್ಕ್ಸ್ ಹೋಫ್ ಎಂಬ ವಸತಿ ಕಟ್ಟಡ ಒಂದು ಕಿಲೋಮೀಟರಿಗಿಂತ ಉದ್ದವಿದೆ. ಈಗಲೂ ಆ ಊರಿನ ಸುಮಾರು ಅರ್ಧ ಜನ ನಗರಸಭೆಯ ಅಥವಾ ಲಾಭಕ್ಕೆ ಮಿತಿಯಿರುವ ಸಂಘಗಳ ಮನೆಯಲ್ಲಿದ್ದಾರೆ, ಬಾಡಿಗೆಯೂ ಹಿಡಿತದಲ್ಲಿದೆ. ನಮ್ಮ ವರಳಿಯಲ್ಲಿ 2025ರ ಆಗಸ್ಟಿನಲ್ಲಿ ಮೊದಲ 556 ಕುಟುಂಬಗಳಿಗೆ 500 ಚದರ ಅಡಿಯ ಹೊಸ ಮನೆಗಳ ಕೀಲಿಕೈ ಸಿಕ್ಕಿತು. ನೂರು ವರ್ಷ!

ಹಾಂಕಾಂಗಿನಲ್ಲಿ ಒಂದೇ ಫ್ಲಾಟನ್ನು ಹಲಗೆ ಹಾಕಿ ನಾಲ್ಕೈದು ಗೂಡು ಮಾಡಿ ಬಾಡಿಗೆಗೆ ಕೊಡುತ್ತಾರೆ. ಈಚೆಗೆ ಬಂದ ಅಲ್ಲಿನ ಕಾನೂನಿನಲ್ಲಿ ಅಂಥ ಗೂಡು ಕನಿಷ್ಠ 8 ಚದರ ಮೀಟರ್ ಇರಬೇಕು, ಅಂದರೆ 86 ಚದರ ಅಡಿ. ಬಿಡಿಡಿ ಖೋಲಿಯ ಅರ್ಧಕ್ಕೆ ಸ್ವಲ್ಪ ಮೇಲೆ. ಇನ್ನು ಸಿಂಗಾಪುರದಲ್ಲಿ ನಾಲ್ಕರಲ್ಲಿ ಮೂರು ಪಾಲಿಗಿಂತ ಹೆಚ್ಚು ನಿವಾಸಿಗಳು ಸರಕಾರಿ ಮಂಡಳಿ ಕಟ್ಟಿದ ಫ್ಲಾಟುಗಳಲ್ಲಿದ್ದಾರೆ, ಹೆಚ್ಚಿನವರು 99 ವರ್ಷದ ಗುತ್ತಿಗೆಯ ಮೇಲೆ 'ಮಾಲಕರು'. ಅನೇಕರ ಕಂತು ಭವಿಷ್ಯ ನಿಧಿಯಿಂದ ಮುರಿಯುವುದರಿಂದ ಕೈಗೆ ಬರುವ ಸಂಬಳದಲ್ಲಿ ಅದು ಅಷ್ಟಾಗಿ ತಟ್ಟುವುದಿಲ್ಲ.

ಮುಂಬೈ ಹೊರವಲಯದ ನಲ್ಲಾಸೊಪಾರಾದಲ್ಲಿ ಬಾಡಿಗೆ ಕಡಿಮೆ ಅಂತ ಹೋದೆವು. ಲಾಭವಾಯಿತೋ ನಷ್ಟವೋ?

ಬಾಡಿಗೆ ಮತ್ತು ಪ್ರಯಾಣ ಎರಡನ್ನೂ ಒಟ್ಟಿಗೆ ಕೂಡಿಸಿ ನೋಡಿ. ಅಮೆರಿಕದ ಒಂದು ಸಂಸ್ಥೆ ಎರಡೂ ಸೇರಿ ಆದಾಯದ ಶೇ. 45ರೊಳಗಿರಬೇಕು ಎಂಬ ಅಳತೆಗೋಲು ಇಟ್ಟಿದೆ. ಅಲ್ಲಿ ದೂರ ಹೋದರೆ ಕಾರು ಬೇಕು, ಉಳಿಸಿದ ಬಾಡಿಗೆ ಪೆಟ್ರೋಲಿಗೆ ಹೋಗುತ್ತದೆ. ಇಲ್ಲಿ ರೈಲಿನ ತಿಂಗಳ ಪಾಸು ಅಗ್ಗ. ಮುಂಬೈ ಇಷ್ಟು ಉದ್ದಕ್ಕೆ ಬೆಳೆದದ್ದೇ ಆ ಪಾಸಿನಿಂದ ಎಂದು ನನ್ನ ಅನಿಸಿಕೆ. ಆದರೂ ನಮ್ಮ ಪಟ್ಟಣಗಳ ಸಮೀಕ್ಷೆಯಲ್ಲಿ ಓಡಾಟದ ಪಾಲು ಶೇ. 8.5, ಬಾಡಿಗೆಗಿಂತ ಹೆಚ್ಚು. ಬೆಳಿಗ್ಗೆ ವಿರಾರ್ ಫಾಸ್ಟ್ ಲೋಕಲ್ ರೈಲಿನಲ್ಲಿ ಒಂದೇ ಕಾಲ ಮೇಲೆ ನಿಂತ ಗಂಟೆಗಳಿಗೆ ಯಾವ ಸಮೀಕ್ಷೆಯಲ್ಲೂ ಸಾಲಿಲ್ಲ.

ಡಾಲರನ್ನು ರೂಪಾಯಿಗೆ ತಿರುಗಿಸಿ ಬಾಡಿಗೆ ಹೋಲಿಸಬಹುದೇ?

ಬೇಡ. ಮನೆಯನ್ನು ಹಡಗಿನಲ್ಲಿ ಹಾಕಿ ಆಮದು ಮಾಡಲಾಗುವುದಿಲ್ಲ, ಅದರ ಬೆಲೆ ಅಲ್ಲಿನ ಸಂಬಳಕ್ಕೇ ಕಟ್ಟಿಕೊಂಡಿರುತ್ತದೆ. ಒಂದು ತಿಂಗಳ ಬಾಡಿಗೆಗೆ ಎಷ್ಟು ದಿನ ದುಡಿಯಬೇಕು ಎಂದು ಕೇಳಿ.

ಸರಿ, ನನ್ನ ಮನೆಯ ಲೆಕ್ಕ ನಾನು ಹೇಗೆ ಬರೆಯಲಿ?

ಬಾಡಿಗೆ ಅಥವಾ ಕಂತಿನ ಬಡ್ಡಿ. ಡಿಪಾಸಿಟ್ಟಿನಿಂದ ತಪ್ಪಿದ ಬಡ್ಡಿ. ಸೊಸೈಟಿ ಮೇಂಟೆನೆನ್ಸ್, ಮನೆ ತೆರಿಗೆ, ಕರೆಂಟು, ಗ್ಯಾಸು, ನೀರು. ಹನ್ನೊಂದು ತಿಂಗಳಿಗೊಮ್ಮೆ ಕರಾರು ಬದಲಾದರೆ ಏಜೆಂಟನ ದಲ್ಲಾಳಿ, ನೋಂದಣಿ, ಸಾಮಾನು ಸಾಗಿಸುವ ಟೆಂಪೊ. ಇವನ್ನು ಹನ್ನೊಂದರಿಂದ ಭಾಗಿಸಿ ಸೇರಿಸಿ. ಈ ಕೊನೆಯದನ್ನು ಎಲ್ಲರೂ ಬಿಡುತ್ತಾರೆ, ಮುಂಬೈಯಲ್ಲಿ ಒಂದು ಕರಾರಿಗೆ ಅದೇ ಅರ್ಧ ತಿಂಗಳ ಬಾಡಿಗೆಯಷ್ಟಾದರೂ ಆಗುತ್ತದೆ. ಅಸಲನ್ನು ಪಕ್ಕದಲ್ಲಿ ಬೇರೆ ಬರೆಯಿರಿ.

ಊರಿನ ಮನೆಗೆ ಬೀಗ ಹಾಕಿದೆ. ಆದರೂ ಪ್ರತಿವರ್ಷ ದುಡ್ಡು ಹೋಗುತ್ತಲೇ ಇರುತ್ತದೆ. ಅದು ಯಾವ ಖಾತೆಗೆ?

ಇದಕ್ಕೆ ಯಾವ ದೇಶದ ಸಮೀಕ್ಷೆಯೂ ನಮ್ಮವರಿಗೆ ಹೊಂದುವುದಿಲ್ಲ. ಸಮೀಕ್ಷೆಯವರು ನೀವು ವಾಸವಿರುವ ಮನೆಗೆ ಬರುತ್ತಾರೆ. ಪಂಚಾಯತಿಯ ತೆರಿಗೆ, ಮಳೆಗಾಲಕ್ಕೆ ಮುಂಚೆ ಹಂಚು ಕೈಯಾಡಿಸುವ ಕೂಲಿ, ಮಾಡಿಗೆ ಹೊದೆಸುವ ಪ್ಲಾಸ್ಟಿಕ್ಕು, ನಾಗರಪಂಚಮಿಗೆ ಮುಂಚೆ ಅಂಗಳದ ಹುಲ್ಲು ತೆಗೆಸುವುದು, ಯಾರೂ ಹಚ್ಚದ ದೀಪಕ್ಕೂ ಬರುವ ಕರೆಂಟಿನ ಕನಿಷ್ಠ ಬಿಲ್ಲು. ಬಾಡಿಗೆಗೆ ಕೊಡೋಣವೆಂದರೆ ಕೇಳುವವರಿಲ್ಲ, ಹಾಗಾಗಿ ಅಂದಾಜು ಬಾಡಿಗೆಯೂ ಇಲ್ಲ. ಮಾರೋಣವೆಂದರೆ ಆರು ಪಾಲುದಾರರ ಸಹಿ ಬೇಕು, ಅದರಲ್ಲಿ ಒಬ್ಬರು ಮಾತು ಬಿಟ್ಟಿದ್ದಾರೆ.

ನಾನು ಇದನ್ನು ಬಹಳ ವರ್ಷ ಮನೆ ಖರ್ಚಿಗೆ ಸೇರಿಸುತ್ತಿದ್ದೆ. ನನ್ನ ಹೆಂಡತಿ ಅದನ್ನು ಪ್ರಯಾಣದ ಖರ್ಚಿಗೆ ಹಾಕು ಅನ್ನುತ್ತಾಳೆ, ವರ್ಷಕ್ಕೆ ಎಂಟು ದಿನ ಅಲ್ಲಿ ಮಲಗುತ್ತೇವಲ್ಲ ಎಂದು. ಕಳೆದ ವರ್ಷ ಆ ಎಂಟು ದಿನಕ್ಕೆ ಭಾಗಿಸಿ ನೋಡಿದೆ. ಒಂದು ರಾತ್ರಿಗೆ ಬಿದ್ದದ್ದು 5,200 ರೂಪಾಯಿ, ಬಿಸಿನೀರು ನಾವೇ ಕಾಯಿಸಿಕೊಂಡು.